ಒಳ್ಳೆ ಕಾರ್ಡ್ ಆರಿಸಿದರೂ ಡ್ರಾಫ್ಟ್‌ನಲ್ಲಿ ಸೋಲುವುದೇಕೆ?

ಓದುಗರ ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 24 ವರ್ಷ, ಬೆಂಗಳೂರಿನಲ್ಲಿ ಕೆಲಸ. ಕಾಲೇಜಿನ ದಿನಗಳಿಂದ ಗೆಳೆಯರ ಜೊತೆ ಮ್ಯಾಜಿಕ್ ದ ಗ್ಯಾದರಿಂಗ್ ಅನ್ನುವ ಕಾರ್ಡ್ ಆಟ ಆಡುತ್ತಿದ್ದೇನೆ, ಆದರೆ ಮೊದಲೇ ಕಟ್ಟಿಟ್ಟ ಡೆಕ್‌ಗಳಲ್ಲಿ. ಎರಡು ತಿಂಗಳಿಂದ ಶುಕ್ರವಾರ ಸಂಜೆ ಅಂಗಡಿಯೊಂದರಲ್ಲಿ ನಡೆಯುವ ಬೂಸ್ಟರ್ ಡ್ರಾಫ್ಟ್‌ಗೆ ಹೋಗುತ್ತಿದ್ದೇನೆ. ಮೂರು ಸಲ ಆಡಿದೆ. ಒಂಬತ್ತು ಮ್ಯಾಚ್‌ಗಳಲ್ಲಿ ಗೆದ್ದಿದ್ದು ಒಂದೇ ಒಂದು. ಕಳೆದ ಸಲ ಮೊದಲ ಪ್ಯಾಕ್‌ನಲ್ಲೇ ಕೆಂಪು ಡ್ರ್ಯಾಗನ್ ಸಿಕ್ಕಿತು. ಅಪರೂಪದ ರೇರ್ ಕಾರ್ಡ್, ಆಡಲು 6 ಮಾನಾ ಬೆಲೆ. ಆಮೇಲೆ ಒಳ್ಳೆಯ ಕಪ್ಪು ಕಾರ್ಡ್‌ಗಳು ಬಂದವು, ಎರಡನೇ ಪ್ಯಾಕ್‌ನಲ್ಲಿ ಇನ್ನೂ ಒಳ್ಳೆಯ ಹಸಿರು ಕಾರ್ಡ್‌ಗಳು ಬಂದವು. ಯಾವುದನ್ನೂ ಬಿಡಲಾಗದೆ ಮೂರೂ ಬಣ್ಣ ಆಡಿದೆ. ಮಾನಾ ಕೊಡುವ ಲ್ಯಾಂಡ್ ಕಾರ್ಡ್ 15, ಉಳಿದ ಕಾರ್ಡ್ 25. ಅರ್ಧ ಆಟಗಳಲ್ಲಿ ಲ್ಯಾಂಡ್ ಬರಲಿಲ್ಲ, ಉಳಿದರ್ಧದಲ್ಲಿ ಬೇಕಾದ ಬಣ್ಣ ಬರಲಿಲ್ಲ. ಡ್ರ್ಯಾಗನ್ ಒಂದೇ ಒಂದು ಸಲ ಮೇಜಿನ ಮೇಲೆ ಬಂತು. ಇದು ಬರೀ ಅದೃಷ್ಟವಾ? ಸೆಟ್‌ನ (ಒಟ್ಟಿಗೆ ಬಿಡುಗಡೆಯಾದ ಕಾರ್ಡ್‌ಗಳ ಗುಂಪಿನ) ಎಲ್ಲ ಕಾರ್ಡ್‌ಗಳನ್ನೂ ಬಾಯಿಪಾಠ ಮಾಡಬೇಕಾ? "ನಿನಗೆ ಬೇಡದಿದ್ದರೂ ಒಳ್ಳೇದನ್ನ ಪಕ್ಕದವರಿಗೆ ಬಿಡಬೇಡ" ಅಂತ ಒಬ್ಬರು ಹೇಳಿದರು, ಅದು ಸರಿಯಾ? ಪ್ರತಿ ಸಲ ಮೂರು ಪ್ಯಾಕ್‌ನ ದುಡ್ಡು ಹೋಗುತ್ತಿದೆ, ನಿಲ್ಲಿಸಿಬಿಡಲಾ ಅನಿಸುತ್ತಿದೆ. ಕೊನೆಯದಾಗಿ, ಆ ಡ್ರ್ಯಾಗನ್ ಮಾರಲಾ, ಇಟ್ಟುಕೊಳ್ಳಲಾ?

ಉತ್ತರ:

ನಿಲ್ಲಿಸಬೇಡಿ. ನೀವು ಬರೆದ ಪತ್ರದಲ್ಲೇ ಅರ್ಧ ಉತ್ತರ ಇದೆ. ಸೋತ ಮೇಲೆ ತನ್ನ ಡೆಕ್‌ನಲ್ಲಿ ಎಷ್ಟು ಲ್ಯಾಂಡ್ ಇತ್ತು, ಎಷ್ಟು ಬಣ್ಣ ಇತ್ತು ಅಂತ ಲೆಕ್ಕ ಇಟ್ಟುಕೊಂಡಿರುವ ಹೊಸಬರು ತುಂಬ ಕಡಿಮೆ. ನಾನು ಹನ್ನೆರಡು ವರ್ಷದಿಂದ ಡ್ರಾಫ್ಟ್ ಆಡುತ್ತಿದ್ದೇನೆ. ಹೊಸಬರ ಪಕ್ಕ ಕೂತು ಅವರ ಡೆಕ್ ಕಟ್ಟಲು ನೆರವಾಗುವುದು ನನಗೆ ಆಡುವಷ್ಟೇ ಇಷ್ಟ. ನಿಮ್ಮಂಥ ಡೆಕ್ ಎಷ್ಟೋ ಸಲ ನೋಡಿದ್ದೇನೆ. ಅದರಲ್ಲಿ ಒಂದೊಂದು ಕಾರ್ಡೂ ಚೆನ್ನಾಗಿರುತ್ತದೆ. ಒಟ್ಟಿಗೆ ಇಟ್ಟರೆ ಮಾತ್ರ ಆಟ ನಡೆಯುವುದಿಲ್ಲ.

ಡ್ರಾಫ್ಟ್ ಆಡದ ಓದುಗರಿಗಾಗಿ ಎರಡು ಮಾತು. ಒಂದು ಮೇಜಿಗೆ ಸಾಮಾನ್ಯವಾಗಿ 8 ಜನ, ಇದಕ್ಕೆ ಪಾಡ್ ಅನ್ನುತ್ತಾರೆ. ಒಬ್ಬೊಬ್ಬರಿಗೂ ಒಡೆಯದ 3 ಬೂಸ್ಟರ್ ಪ್ಯಾಕ್. ಈಗಿನ ಪ್ಲೇ ಬೂಸ್ಟರ್‌ನಲ್ಲಿ 14 ಕಾರ್ಡ್ ಇರುತ್ತವೆ. ಮೊದಲ ಪ್ಯಾಕ್ ಒಡೆದು ಒಂದು ಕಾರ್ಡ್ ಇಟ್ಟುಕೊಂಡು ಉಳಿದವನ್ನು ಎಡಗಡೆಯವರಿಗೆ ದಾಟಿಸಬೇಕು. ಬಲಗಡೆಯಿಂದ ನಿಮಗೊಂದು ಪ್ಯಾಕ್ ಬರುತ್ತದೆ, ಅದರಿಂದ ಮತ್ತೊಂದು. ಹೀಗೆ ಖಾಲಿಯಾಗುವ ತನಕ. ಎರಡನೇ ಪ್ಯಾಕ್ ಬಲಕ್ಕೆ ದಾಟುತ್ತದೆ, ಮೂರನೆಯದು ಮತ್ತೆ ಎಡಕ್ಕೆ. ಕೊನೆಗೆ ಆರಿಸಿದ್ದರಲ್ಲೇ ಕನಿಷ್ಠ 40 ಕಾರ್ಡ್‌ನ ಡೆಕ್ ಕಟ್ಟಿ ಆಡಬೇಕು. ಕಾರ್ಡ್ ಆಡಲು ತೆರುವ ಬೆಲೆಯೇ ಮಾನಾ, ಅದನ್ನು ಆಯಾ ಬಣ್ಣದಲ್ಲಿ ಕೊಡುವುದು ಲ್ಯಾಂಡ್. ಐದು ಬಣ್ಣದ ಬೇಸಿಕ್ ಲ್ಯಾಂಡ್‌ಗಳು ಎಷ್ಟು ಬೇಕಾದರೂ ಸಿಗುತ್ತವೆ, ಅವನ್ನು ಆರಿಸಬೇಕಾಗಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆ, ಅದೃಷ್ಟ. ಅದೃಷ್ಟ ಇದೆ, ಇಲ್ಲ ಅಂತ ಹೇಳಿ ನಿಮಗೆ ಸುಳ್ಳು ಸಮಾಧಾನ ಕೊಡುವುದಿಲ್ಲ. ಆದರೆ ಅದಕ್ಕೆ ಒಂದು ಅಳತೆ ಇದೆ. 40 ಕಾರ್ಡ್‌ಗೆ 17 ಲ್ಯಾಂಡ್ ಹಾಕಿದರೆ, ಮೊದಲು ಕೈಗೆ ಬರುವ 7 ಕಾರ್ಡ್‌ಗಳಲ್ಲಿ 2, 3 ಅಥವಾ 4 ಲ್ಯಾಂಡ್ ಇರುವ ಸಾಧ್ಯತೆ ನೂರಕ್ಕೆ 79ರಷ್ಟು. ಅಂದರೆ ಐದು ಕೈಯಲ್ಲಿ ಒಂದು ಕೆಟ್ಟದಾಗಿಯೇ ಬರುತ್ತದೆ, ಎಷ್ಟೇ ಅನುಭವ ಇರಲಿ. ಅದಕ್ಕೇ ಮಲ್ಲಿಗನ್, ಅಂದರೆ ಕೆಟ್ಟ ಕೈ ವಾಪಸ್ ಹಾಕಿ ಹೊಸದು ತೆಗೆಯುವ ಅವಕಾಶ ಇರುವುದು. 2019ರಿಂದ ಇರುವ ನಿಯಮದಲ್ಲಿ ಹೊಸದಾಗಿ 7 ಕಾರ್ಡ್ ತೆಗೆದು, ಅದರಲ್ಲಿ ಬೇಡದ ಒಂದನ್ನು ಡೆಕ್‌ನ ಅಡಿಗೆ ಇಟ್ಟರೆ ಸಾಕು. ಹೊಸಬರು ಮಲ್ಲಿಗನ್‌ಗೆ ಹೆದರುತ್ತಾರೆ. ಒಂದೇ ಲ್ಯಾಂಡ್ ಇರುವ ಕೈ ಹಿಡಿದು "ಬಂದೀತು" ಅಂತ ಕಾಯುವುದಕ್ಕಿಂತ 6 ಕಾರ್ಡ್‌ನ ಒಳ್ಳೆ ಕೈ ಎಷ್ಟೋ ಮೇಲು.

ಇನ್ನು ನಿಮ್ಮ 15 ಲ್ಯಾಂಡ್‌ನ ಲೆಕ್ಕ ನೋಡೋಣ. ಮೊದಲ ಕೈಯಲ್ಲಿ ಲ್ಯಾಂಡೇ ಇಲ್ಲದಿರುವುದು ಅಥವಾ ಒಂದೇ ಇರುವುದು, 17 ಲ್ಯಾಂಡ್ ಇದ್ದಾಗ ನೂರಕ್ಕೆ ಹತ್ತು ಹನ್ನೊಂದು ಸಲ ಆಗುತ್ತದೆ. 15 ಇದ್ದಾಗ ಸುಮಾರು 17 ಸಲ. ಎರಡು ಲ್ಯಾಂಡ್ ಕಡಿಮೆ ಮಾಡಿದ್ದಕ್ಕೆ ಲ್ಯಾಂಡ್ ಸಾಲದ ಕೈಗಳು ಒಂದೂವರೆ ಪಟ್ಟಿಗಿಂತ ಜಾಸ್ತಿ ಆದವು. ಇದನ್ನು ಅದೃಷ್ಟದ ತಲೆಗೆ ಕಟ್ಟಲಾಗದು. ನೀವು ಹಾಗೆ ಮಾಡಿದ್ದಕ್ಕೆ ಕಾರಣ ನನಗೆ ಗೊತ್ತು: ಒಳ್ಳೆ ಕಾರ್ಡ್ ಹೊರಗಿಡಲು ಮನಸ್ಸು ಬರಲಿಲ್ಲ, ಲ್ಯಾಂಡ್ ಸುಮ್ನೆ ಜಾಗ ತಿನ್ನುತ್ತದೆ ಅನಿಸಿತು. ಎಲ್ಲರಿಗೂ ಮೊದಮೊದಲು ಹಾಗೇ ಅನಿಸುತ್ತದೆ. ಆದರೆ 24ನೇ, 25ನೇ ಒಳ್ಳೆ ಕಾರ್ಡ್ ಕೈಯಲ್ಲೇ ಕೊಳೆಯುತ್ತದೆ. ಅದನ್ನು ಆಡಿಸುವುದು ಲ್ಯಾಂಡ್.

ಬಣ್ಣದ ಕಥೆಯೂ ಅದೇ. 15 ಲ್ಯಾಂಡನ್ನು ಮೂರು ಬಣ್ಣಕ್ಕೆ 6, 5, 4 ಅಂತ ಹಂಚಿದಿರಿ ಅಂತಿಟ್ಟುಕೊಳ್ಳಿ. ನೀವೇ ಮೊದಲು ಆಡಿದರೆ ನಾಲ್ಕನೇ ಸರದಿಯ ಹೊತ್ತಿಗೆ 10 ಕಾರ್ಡ್ ನೋಡಿರುತ್ತೀರಿ. ಅಷ್ಟರೊಳಗೆ ಆ 4 ಲ್ಯಾಂಡ್‌ನ ಬಣ್ಣದಿಂದ ಒಂದೂ ಬಾರದಿರುವುದು ಹತ್ತು ಆಟದಲ್ಲಿ ಮೂರು ಸಲ! ಅದರ ಮೇಲೆ ಎಷ್ಟೋ ಒಳ್ಳೆ ಕಾರ್ಡ್‌ಗಳು ಒಂದೇ ಬಣ್ಣದ ಎರಡು ಮಾನಾ ಕೇಳುತ್ತವೆ. "ಮರ್ಡರ್" ಅನ್ನುವ ಕಾರ್ಡ್ ನೋಡಿ, ಎದುರಾಳಿಯ ಯಾವ ಕ್ರೀಚರ್ (ನಿಮ್ಮ ಪರವಾಗಿ ಹೊಡೆದಾಡುವ ಜೀವಿಯ ಕಾರ್ಡ್) ಬೇಕಾದರೂ ತೆಗೆಯುತ್ತದೆ. ಬೆಲೆ 3 ಮಾನಾ, ಅದರಲ್ಲಿ ಎರಡು ಕಪ್ಪೇ ಆಗಬೇಕು. ಕಪ್ಪು ನಿಮ್ಮ ಎರಡು ಮುಖ್ಯ ಬಣ್ಣಗಳಲ್ಲಿ ಒಂದಾಗಿದ್ದರೆ ಇದು ಬಂಗಾರ. ಮೂರನೇ ಬಣ್ಣವಾಗಿದ್ದರೆ ಕೈಯಲ್ಲಿ ಕೂತು ನಿಮ್ಮನ್ನೇ ನೋಡುತ್ತಿರುತ್ತದೆ.

ಅಂದರೆ ಮೂರನೇ ಬಣ್ಣ ಯಾವತ್ತೂ ಬೇಡವಾ? ಹಾಗೇನಿಲ್ಲ. ಎರಡು ಮುಖ್ಯ ಬಣ್ಣ ಇಟ್ಟುಕೊಂಡು ಮೂರನೆಯದರಿಂದ ಒಂದೋ ಎರಡೋ ಕಾರ್ಡ್ ಸೇರಿಸುವುದಕ್ಕೆ ಸ್ಪ್ಲಾಶ್ ಅನ್ನುತ್ತಾರೆ. ಆ ಕಾರ್ಡ್ ಆಟದ ಕೊನೆಯಲ್ಲೂ ಉಪಯೋಗಕ್ಕೆ ಬರುವಂಥದ್ದಿರಬೇಕು, ಆ ಬಣ್ಣದ ಒಂದೇ ಮಾನಾ ಕೇಳಬೇಕು, ಎರಡು ಬಣ್ಣ ಕೊಡುವ ಲ್ಯಾಂಡ್‌ಗಳೂ ನಿಮಗೆ ಸಿಕ್ಕಿರಬೇಕು. ಈ ಮೂರೂ ಕೂಡಿ ಬರದಿದ್ದರೆ ಮೊದಲ ಹತ್ತು ಡ್ರಾಫ್ಟ್‌ಗಳಲ್ಲಿ ಸ್ಪ್ಲಾಶ್ ಯೋಚನೆಯೇ ಬೇಡ.

ಈಗ ನನಗೆ ಮುಖ್ಯ ಅನಿಸುವ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ "ಯಾವುದನ್ನೂ ಬಿಡಲಾಗದೆ" ಅಂತ ಬರೆದಿದ್ದೀರಿ. ತೊಂದರೆಯ ಬೇರು ಅಲ್ಲೇ ಇದೆ.

3 ಪ್ಯಾಕ್, ತಲಾ 14 ಕಾರ್ಡ್. ನಿಮ್ಮ ಕೈಗೆ ಒಟ್ಟು 42 ಕಾರ್ಡ್ ಬರುತ್ತವೆ. ಡೆಕ್‌ಗೆ ಬೇಕಾಗಿರುವುದು 23. ಉಳಿದ 17 ಲ್ಯಾಂಡ್. ಹಾಗಾದರೆ ಆರಿಸಿದ್ದರಲ್ಲಿ 19 ಕಾರ್ಡ್ ವ್ಯರ್ಥವಾದರೂ ನಿಮ್ಮ ಡೆಕ್‌ಗೆ ಏನೂ ಕಮ್ಮಿಯಾಗುವುದಿಲ್ಲ. ಪ್ಯಾಕ್‌ನಲ್ಲಿ ಬರುವ ಲ್ಯಾಂಡ್‌ಗಳನ್ನು, ಯಾರಿಗೂ ಬೇಡದ ಕಾರ್ಡ್‌ಗಳನ್ನು ಕಳೆದರೂ ಹತ್ತಕ್ಕಿಂತ ಜಾಸ್ತಿ ಆಯ್ಕೆಗಳು ತಪ್ಪಾಗಬಹುದು. ಮೊದಲ ಪಿಕ್‌ನ, ಅಂದರೆ ಮೊದಲ ಆಯ್ಕೆಯ ಡ್ರ್ಯಾಗನ್ ಬಿಟ್ಟರೆ ಹೋಗುವುದು ಈ 19ರಲ್ಲಿ ಒಂದು. ಅಷ್ಟೇ. ಅದನ್ನು ಬಿಡದೆ ಇದ್ದರೆ ಮಾತ್ರ ಉಳಿದ ಇಪ್ಪತ್ತೆರಡೂ ಕಾರ್ಡ್‌ಗಳು ಅದರ ಬೆನ್ನು ಹತ್ತಿ ಹೋಗಬೇಕಾಗುತ್ತದೆ.

ಹಾಗಾದರೆ ಯಾವಾಗ ಬಿಡಬೇಕು, ಯಾವ ಬಣ್ಣಕ್ಕೆ ಹೋಗಬೇಕು? ಅದನ್ನು ಹೇಳುವುದು ನಿಮ್ಮ ಬಲಗಡೆ ಕೂತವರು. ಮೊದಲ ಮತ್ತು ಮೂರನೇ ಪ್ಯಾಕ್‌ನಲ್ಲಿ ನಿಮಗೆ ಬರುವುದು ಅವರು ಬಿಟ್ಟದ್ದು. ಮೊದಲ ಮೂರು ನಾಲ್ಕು ಪಿಕ್‌ಗಳಲ್ಲಿ ಬಣ್ಣ ನೋಡದೆ ಒಳ್ಳೆಯದನ್ನೇ ತೆಗೆದುಕೊಳ್ಳಿ. ಐದು, ಆರು, ಏಳನೇ ಪಿಕ್ ಬಂದಾಗ ಕಣ್ಣು ಚುರುಕಾಗಲಿ. ಆರನೇ ಪಿಕ್‌ಗೆ ಬಂದ ಪ್ಯಾಕ್‌ನಲ್ಲಿ ಇನ್ನೂ ಒಂದು ಮರ್ಡರ್‌ನಂಥ ಕಾರ್ಡ್ ಉಳಿದಿದೆ ಅಂದರೆ ಐದು ಜನ ಅದನ್ನು ನೋಡಿ ದಾಟಿಸಿದ್ದಾರೆ. ಒಂದು ಸಲ ಹಾಗಾದರೆ ಕಾಕತಾಳೀಯ ಇರಬಹುದು. ಏಳನೇ ಪಿಕ್‌ನಲ್ಲೂ ಒಳ್ಳೆ ಕಪ್ಪು ಕಾರ್ಡ್ ಬಂದರೆ, ನಿಮ್ಮ ಬಲಗಡೆ ಕಪ್ಪು ಆಡುವವರು ಹೆಚ್ಚಿಲ್ಲ. ಇದನ್ನೇ ಆಟಗಾರರು ಸಿಗ್ನಲ್ ಅನ್ನುವುದು. ಇನ್ನೊಂದು ಗುರುತು ಒಂಬತ್ತನೇ ಪಿಕ್. ಆಗ ನೀವು ಮೊದಲು ಒಡೆದ ಪ್ಯಾಕೇ ಮೇಜು ಸುತ್ತಿ 6 ಕಾರ್ಡ್‌ಗಳೊಂದಿಗೆ ವಾಪಸ್ ಬರುತ್ತದೆ. ಅದರಲ್ಲಿ ಮೊದಲು ಮೂರು ಒಳ್ಳೆ ಹಸಿರು ಕಾರ್ಡ್ ಇದ್ದು, ಎರಡು ಇನ್ನೂ ಉಳಿದಿದ್ದರೆ? ಮೇಜಿನಲ್ಲಿ ಹಸಿರಿಗೆ ಗಿರಾಕಿ ಇಲ್ಲ. ಅದಕ್ಕೇ ಮೊದಲ ಪ್ಯಾಕ್ ದಾಟಿಸುವಾಗ ಅದರಲ್ಲಿ ಏನೇನಿತ್ತು ಅಂತ ಒಂದು ಕ್ಷಣ ನೆನಪಿಟ್ಟುಕೊಳ್ಳಲು ಹೊಸಬರಿಗೆ ನಾನು ಹೇಳುವುದು.

ನಿಮ್ಮ ಕಳೆದ ಡ್ರಾಫ್ಟ್ ಈಗ ಮತ್ತೆ ನೋಡಿ. ಡ್ರ್ಯಾಗನ್ ಆದ ಮೇಲೆ ಕಪ್ಪು ಹರಿದು ಬಂತು. ಅದು ಬಲಗಡೆಯಿಂದ ಬಂದದ್ದು, ಮೂರನೇ ಪ್ಯಾಕ್‌ನಲ್ಲೂ ಅದೇ ದಿಕ್ಕು. ಎರಡನೇ ಪ್ಯಾಕ್‌ನಲ್ಲಿ ಎಡಗಡೆಯಿಂದ ಹಸಿರು ಬಂತು. ಕಪ್ಪು, ಹಸಿರು. ನಿಮ್ಮ ಡೆಕ್ ಅಲ್ಲೇ ಇತ್ತು. ಕೆಂಪು ಬಂದಿದ್ದು ಒಂದೇ ದಿಕ್ಕಿನಿಂದ, ನೀವೇ ಒಡೆದ ಪ್ಯಾಕ್‌ನಿಂದ. ಎರಡು ದೋಣಿಗೆ ಕಾಲಿಡಬಾರದು ಅಂತಾರೆ, ಡ್ರಾಫ್ಟ್‌ನಲ್ಲಿ ಎರಡು ದೋಣಿ ನಡೆಯುತ್ತದೆ. ಮೂರನೆಯದಕ್ಕೆ ಕಾಲು ಸಾಲುವುದಿಲ್ಲ.

ಎರಡನೇ ಪ್ಯಾಕ್‌ನ ನಡುವಿನ ಹೊತ್ತಿಗೆ ಎರಡು ಬಣ್ಣ ಗಟ್ಟಿಯಾದರೆ ಸಾಕು. ಅದಕ್ಕಿಂತ ಮೊದಲು ಗಟ್ಟಿ ಮಾಡಿಕೊಂಡರೆ ಸಿಗ್ನಲ್ ಕೇಳಿಸುವುದಿಲ್ಲ. ತೀರಾ ತಡವಾದರೆ 23 ಸಿಗುವುದಿಲ್ಲ, ಕಾರ್ಡ್ ಸಾಲದೆ ಕೊನೆಗೆ ಮೂರನೇ ಬಣ್ಣಕ್ಕೆ ಕೈ ಚಾಚಬೇಕಾಗುತ್ತದೆ. ಎರಡೂ ಕಡೆ ಅಪಾಯ ಇದೆ. ಹೊಸಬರು ಬೀಳುವುದು ಹೆಚ್ಚಾಗಿ ಮೊದಲನೆಯದಕ್ಕೆ.

ಬಣ್ಣ ಆಯಿತು. ಇನ್ನು ಆ 23 ಯಾವುವು? ಇಲ್ಲಿ ಕರ್ವ್ ಅನ್ನುವ ಮಾತು ಬರುತ್ತದೆ. ಸರದಿಗೆ ಒಂದೇ ಲ್ಯಾಂಡ್ ಇಡಬಹುದು, ಹಾಗಾಗಿ ಎರಡನೇ ಸರದಿಗೆ 2 ಮಾನಾ, ಮೂರನೆಯದಕ್ಕೆ 3. ಆಯಾ ಸರದಿಗೆ ಆಡಲು ಒಂದು ಕಾರ್ಡ್ ಕೈಯಲ್ಲಿರಬೇಕು. ನೀವು ಎಷ್ಟು 2 ಮಾನಾ ಕಾರ್ಡ್ ಇದ್ದವು ಅಂತ ಬರೆದಿಲ್ಲ, ಆದರೆ ನನ್ನ ಊಹೆ ಎರಡೋ ಮೂರೋ. ರಮ್ಮಿಯಲ್ಲಿ ರಾಜ ರಾಣಿ ಹಿಡಿದು ಕಾಯುತ್ತಾ ಕೂತವರ ಮೇಲೆ ಎದುರಿನವರು ಶೋ ಹೊಡೆದರೆ ಎಲ್ಲ ಪಾಯಿಂಟೂ ತಲೆ ಮೇಲೆ ಬೀಳುತ್ತದಲ್ವಾ, 6 ಮಾನಾ ಕಾರ್ಡ್‌ಗಳನ್ನು ಹಿಡಿದವರ ಪಾಡೂ ಅದೇ. ಎದುರಾಳಿ ಎರಡನೇ ಸರದಿಯಿಂದ ಹೊಡೆಯಲು ಶುರು ಮಾಡಿದರೆ ನಿಮ್ಮ 20 ಲೈಫ್ (ಅದು ಸೊನ್ನೆಯಾದರೆ ಸೋಲು) ಡ್ರ್ಯಾಗನ್ ಬರುವ ಮೊದಲೇ ಅರ್ಧ ಖಾಲಿ.

ನಾನು ಹೊಸಬರಿಗೆ ಹೇಳುವ ಅಂದಾಜು ಹೀಗಿದೆ. 23ರಲ್ಲಿ 15, 16 ಕ್ರೀಚರ್ ಇರಲಿ. ಕ್ರೀಚರ್, ಬೇರೆ ಕಾರ್ಡ್ ಎಲ್ಲ ಸೇರಿ 2 ಮಾನಾದವು ಐದಾರು, 3 ಮಾನಾದವು ಐದು, 4ರವು ನಾಲ್ಕು, 5ರವು ಮೂರು, 6 ಮತ್ತು ಮೇಲಿನವು ಒಂದೋ ಎರಡೋ. ಕ್ರೀಚರ್ ಅಲ್ಲದವು ಹೆಚ್ಚಾಗಿ ರಿಮೂವಲ್ ಇರಲಿ, ಅಂದರೆ ಎದುರಾಳಿಯ ಕ್ರೀಚರ್ ತೆಗೆಯುವ ಇಲ್ಲವೇ ಕಟ್ಟಿಹಾಕುವ ಕಾರ್ಡ್. ಕೊಲ್ಲುವ ಮರ್ಡರ್ ಆಗಬಹುದು, ಕಟ್ಟಿಹಾಕುವ "ಪ್ಯಾಸಿಫಿಸಂ" ಆಗಬಹುದು. ಸಣ್ಣ ಸಣ್ಣ ಕ್ರೀಚರ್‌ಗಳ ಚುರುಕು ಡೆಕ್ ಆದರೆ 16 ಲ್ಯಾಂಡ್ ಸಾಕು. 15ಕ್ಕೆ ಇಳಿಯಬೇಡಿ.

ಇದನ್ನು ಪಿಕ್ ಮಾಡುವಾಗಲೇ ನೆನಪಿಡಬೇಕು. ಮೂರನೇ ಪ್ಯಾಕ್ ಒಡೆಯುವ ಮುನ್ನ ನಿಮ್ಮ ಕಾರ್ಡ್‌ಗಳನ್ನು ನೋಡಿಕೊಳ್ಳಲು ಸಮಯ ಕೊಡುತ್ತಾರೆ. ಆಗ 2 ಮಾನಾ ಕಾರ್ಡ್ ಎಷ್ಟಿವೆ ಅಂತ ಎಣಿಸಿ. ಎರಡೇ ಇದ್ದರೆ, ಮೂರನೇ ಪ್ಯಾಕ್‌ನಲ್ಲಿ ಸಾಧಾರಣ 2 ಮಾನಾ ಕ್ರೀಚರ್, ಚಂದದ 5 ಮಾನಾ ಕಾರ್ಡ್‌ಗಿಂತ ನಿಮಗೆ ಹೆಚ್ಚು ಬೆಲೆಯದ್ದು. ಇದು ಮನಸ್ಸಿಗೆ ಕಷ್ಟ. ಆದರೆ ಒಂದು ಸಂಜೆ ಹೀಗೆ ಆಡಿ ನೋಡಿದರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ರೇರ್ ಅಂದರೆ ಬಲಶಾಲಿ ಅನ್ನುವ ನಂಬಿಕೆಯ ಬಗ್ಗೆಯೂ ಒಂದು ಮಾತು. ರೇರ್ ಅನ್ನುವುದು ಆ ಕಾರ್ಡ್ ಎಷ್ಟು ಅಪರೂಪಕ್ಕೆ ಪ್ಯಾಕ್‌ನಲ್ಲಿ ಬರುತ್ತದೆ ಅನ್ನುವ ಗುರುತು ಮಾತ್ರ. ಕೆಲವು ರೇರ್‌ಗಳು ಒಂಟಿಯಾಗಿ ಆಟ ಗೆಲ್ಲಿಸುತ್ತವೆ, ಅವನ್ನು ಬಾಂಬ್ ಅನ್ನುತ್ತಾರೆ. ಕೆಲವು ಬೇರೆ ರೀತಿಯ ಡೆಕ್‌ಗಾಗಿ ಮಾಡಿದವು, ಡ್ರಾಫ್ಟ್‌ನಲ್ಲಿ ಅವುಗಳಿಂದ ಏನೂ ಉಪಯೋಗ ಇಲ್ಲ. ನಿಮ್ಮ ಗೆಲುವಿನ ಬಹುಪಾಲು ಹೊರುವುದು ರೇರ್‌ಗಿಂತ ಸುಲಭವಾಗಿ ಸಿಗುವ ಕಾಮನ್ ಮತ್ತು ಅನ್‌ಕಾಮನ್ ಕಾರ್ಡ್‌ಗಳೇ.

ಬಾಯಿಪಾಠ ಬೇಡ. ಸೆಟ್ ಒಂದರಲ್ಲಿ ನೂರಾರು ಕಾರ್ಡ್ ಇರುತ್ತವೆ, ಕೆಲಸ ಮಾಡುವ ಮನುಷ್ಯನಿಗೆ ಅಷ್ಟು ಪುರುಸೊತ್ತು ಎಲ್ಲಿ? ಎರಡು ವಿಷಯ ನೋಡಿಕೊಂಡು ಹೋಗಿ. ಐದೂ ಬಣ್ಣಗಳ ಕಾಮನ್ ರಿಮೂವಲ್ ಯಾವುವು, ಮತ್ತು ಎರಡು ಬಣ್ಣ ಕೂಡಿದ ಅನ್‌ಕಾಮನ್‌ಗಳು ಯಾವುವು. ಐದು ಬಣ್ಣದಿಂದ ಹತ್ತು ಜೋಡಿ ಆಗುತ್ತವೆ. ಪ್ರತಿ ಜೋಡಿಯ ಡೆಕ್ ಏನು ಮಾಡಲು ಹೊರಟಿದೆ ಅನ್ನುವುದನ್ನು ಈ ಅನ್‌ಕಾಮನ್‌ಗಳೇ ಸಾಮಾನ್ಯವಾಗಿ ಹೇಳಿಬಿಡುತ್ತವೆ. ಒಂದು ಗಂಟೆಯ ಓದು, ಅಷ್ಟೇ.

"ಪಕ್ಕದವರಿಗೆ ಬಿಡಬೇಡ" ಅನ್ನುವ ಸಲಹೆ? 8 ಜನರ ಮೇಜು, ಮೂರು ಸುತ್ತು. ಉಳಿದ 7 ಜನರಲ್ಲಿ ನೀವು ಎದುರಿಸುವುದು 3 ಜನರನ್ನು. ಆ ಕಾರ್ಡ್ ತೆಗೆದುಕೊಂಡವರೇ ನಿಮಗೆ ಸಿಗಬೇಕು, ಅವರು ಅದನ್ನು ಡೆಕ್‌ನಲ್ಲಿ ಆಡುತ್ತಿರಬೇಕು, ಆ ಆಟದಲ್ಲಿ ಅದು ಅವರ ಕೈಗೆ ಬರಬೇಕು. ಇಷ್ಟೆಲ್ಲ ಆಗುವುದು ಅಪರೂಪ. ನಿಮಗೆ ಉಪಯೋಗವಾಗುವ ಕಾರ್ಡ್ ಒಂದೂ ಇಲ್ಲದ ಪ್ಯಾಕ್ ಬಂದರೆ ಮಾತ್ರ ಹಾಗೆ ಮಾಡಿ.

ಇನ್ನು ದುಡ್ಡು ಮತ್ತು ಅಭ್ಯಾಸ. ಇಲ್ಲಿ ನಿಮ್ಮ ಮುಂದೆ ಕೆಲವು ದಾರಿಗಳಿವೆ.

ಮ್ಯಾಜಿಕ್‌ನ ಆನ್‌ಲೈನ್ ರೂಪವಾದ ಮ್ಯಾಜಿಕ್ ಅರೀನಾದಲ್ಲಿ ಆಡುವುದು ಒಂದು. ಅಲ್ಲಿನ ಕ್ವಿಕ್ ಡ್ರಾಫ್ಟ್‌ಗೆ 5000 ಗೋಲ್ಡ್ ಅಥವಾ 750 ಜೆಮ್, ಪ್ರೀಮಿಯರ್ ಡ್ರಾಫ್ಟ್‌ಗೆ ಅದರ ಎರಡರಷ್ಟು. ಗೋಲ್ಡ್ ದಿನಾ ಆಡಿದರೆ ಸಿಗುತ್ತದೆ, ಜೆಮ್‌ಗೆ ಸಾಮಾನ್ಯವಾಗಿ ದುಡ್ಡು ಬೇಕು. ಎರಡರಲ್ಲೂ 7 ಗೆಲುವು ಅಥವಾ 3 ಸೋಲಿಗೆ ಓಟ ಮುಗಿಯುತ್ತದೆ. ಕ್ವಿಕ್‌ನಲ್ಲಿ ಜೊತೆಗೆ ಪಿಕ್ ಮಾಡುವುದು ಕಂಪ್ಯೂಟರ್, ಆತುರವಿಲ್ಲದೆ ಯೋಚಿಸಬಹುದು. ಕರ್ವ್, ಲ್ಯಾಂಡ್, ಮಲ್ಲಿಗನ್ ಕಲಿಯಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಆದರೆ ಸಿಗ್ನಲ್ ಓದುವುದನ್ನು ಅಲ್ಲಿ ಕಲಿಯಬೇಡಿ, ಕಂಪ್ಯೂಟರ್ ಮನುಷ್ಯರ ಹಾಗೆ ಆರಿಸುವುದಿಲ್ಲ. ದೊಡ್ಡ ಅಪಾಯ ಇನ್ನೊಂದು. ಸೋತ ರಾತ್ರಿ "ಇನ್ನೊಂದೇ ಒಂದು" ಅಂತ ಜೆಮ್ ಕೊಳ್ಳುವುದು ತುಂಬ ಸುಲಭ, ಅಲ್ಲಿ ಗೆದ್ದ ಕಾರ್ಡ್ ಮಾರಲೂ ಆಗುವುದಿಲ್ಲ. ಗೋಲ್ಡ್ ಇದ್ದಷ್ಟೇ ಆಡುತ್ತೇನೆ ಅಂತ ಮೊದಲೇ ಗೆರೆ ಎಳೆದುಕೊಳ್ಳಿ. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ.

ಸೆವೆಂಟೀನ್ ಲ್ಯಾಂಡ್ಸ್ ಅನ್ನುವ ತಾಣವೂ ಇದೆ. ಹೆಸರೇ 17 ಲ್ಯಾಂಡ್! ಅರೀನಾ ಆಟಗಾರರು ಹಂಚಿಕೊಂಡ ಆಟಗಳಿಂದ ಯಾವ ಕಾರ್ಡ್ ಕೈಗೆ ಬಂದಾಗ ಎಷ್ಟು ಸಲ ಗೆದ್ದರು ಅಂತ ತೋರಿಸುತ್ತದೆ. ಉಪಯುಕ್ತ, ಆದರೆ ಡ್ರಾಫ್ಟ್ ಆದ ಮೇಲೆ ನೋಡಿ. ಆ ಅಂಕಿ ಒಂದು ಕಾರ್ಡ್ ತನಗೆ ಸರಿಹೊಂದುವ ಡೆಕ್‌ನಲ್ಲಿ ಹೇಗೆ ನಡೆಯಿತು ಅಂತ ಹೇಳುತ್ತದೆ, ನಿಮ್ಮ ಡೆಕ್‌ನಲ್ಲಿ ಹೇಗೆ ನಡೆದೀತು ಅಂತ ಹೇಳುವುದಿಲ್ಲ. ಪಟ್ಟಿ ನೋಡಿ ಆರಿಸಿದ 23 ಕಾರ್ಡ್‌ಗಳು ಕೊನೆಗೆ ನಿಮ್ಮ ಹಳೇ ಮೂರು ಬಣ್ಣದ ಡೆಕ್‌ನಂತೆಯೇ ಆಗುವುದನ್ನು ನೋಡಿದ್ದೇನೆ.

ನನಗೆ ತುಂಬ ಇಷ್ಟವಾದದ್ದು ಕ್ಯೂಬ್. ಗೆಳೆಯರೆಲ್ಲ ತಮ್ಮಲ್ಲಿರುವ ಕಾರ್ಡ್ ಸೇರಿಸಿ, ಬಣ್ಣಗಳನ್ನು ಸಮವಾಗಿಟ್ಟು 360 ಕಾರ್ಡ್‌ನ ಒಂದು ಗಂಟು ಮಾಡಿಕೊಳ್ಳಿ. 8 ಜನಕ್ಕೆ ತಲಾ 45 ಆಗುತ್ತದೆ. ಕಲಸಿ, 15ರ ಪ್ಯಾಕ್ ಮಾಡಿ, ಡ್ರಾಫ್ಟ್ ಆಡಿ, ಮುಗಿದ ಮೇಲೆ ವಾಪಸ್ ಡಬ್ಬಿಗೆ. ಒಂದು ಪೈಸೆ ಖರ್ಚಿಲ್ಲ, ಎಷ್ಟು ಸಲ ಬೇಕಾದರೂ ಆಡಬಹುದು. ನಾಲ್ಕು ಜನ ಸಿಕ್ಕರೂ ಸಾಕು. ಕಾಲೇಜಿನಿಂದ ಜೊತೆಗೆ ಆಡುವ ಗೆಳೆಯರಿದ್ದಾರೆ ಅಂದಿರಲ್ಲ, ನಿಮಗೆ ಇದೇ ಸರಿ ಅಂತ ನನ್ನ ಅಭಿಪ್ರಾಯ. ತಿಂಗಳಿಗೆ ಎರಡು ಸಲ ಮನೆಯಲ್ಲಿ ಕ್ಯೂಬ್, ಒಂದು ಸಲ ಅಂಗಡಿಯಲ್ಲಿ ಶುಕ್ರವಾರದ ಡ್ರಾಫ್ಟ್. ಹೊಸ ಸೆಟ್ ಬಂದಾಗ ನಡೆಯುವ ಪ್ರೀರಿಲೀಸ್‌ಗೂ ಹೋಗಿ. ಅಲ್ಲಿ 6 ಪ್ಯಾಕ್ ಒಡೆದು ಅದರಲ್ಲೇ ಡೆಕ್ ಕಟ್ಟುವುದು, ದಾಟಿಸುವ ಗೊಡವೆ ಇಲ್ಲ. ಪ್ಯಾಕ್ ಜಾಸ್ತಿ ಆದ್ದರಿಂದ ಖರ್ಚೂ ಜಾಸ್ತಿ, ಆದರೆ 23 ಕಾರ್ಡ್ ಕೂಡಿಸುವ ಅಭ್ಯಾಸಕ್ಕೆ ಒಳ್ಳೆಯದು. ಎಲ್ಲರಿಗೂ ಕಾರ್ಡ್ ಹೊಸದಾಗಿರುವುದರಿಂದ ಓದಿ ನೋಡಲು ಯಾರೂ ಅವಸರ ಮಾಡುವುದಿಲ್ಲ.

ಅಂಗಡಿಯ ಮೇಜಿನಲ್ಲಿ ಇನ್ನೊಂದು ಮಾಡಿ. ಸೋತ ಮೇಲೆ ಎದುರಿನವರನ್ನು "ನನ್ನ ಡೆಕ್ ಒಮ್ಮೆ ನೋಡ್ತೀರಾ?" ಅಂತ ಕೇಳಿ. 40 ಕಾರ್ಡನ್ನೂ, ಹೊರಗಿಟ್ಟವನ್ನೂ ಹರಡಿ. ಡ್ರಾಫ್ಟ್‌ನಲ್ಲಿ ಹೊರಗಿಟ್ಟ ಕಾರ್ಡ್‌ಗಳೆಲ್ಲ ನಿಮ್ಮ ಸೈಡ್‌ಬೋರ್ಡ್, ಎರಡನೇ ಆಟಕ್ಕೆ ಬೇಕಾದ್ದು ಒಳಗೆ ತರಬಹುದು, ಲ್ಯಾಂಡೂ ಬದಲಿಸಬಹುದು. ಇದು ಗೊತ್ತಿಲ್ಲದೆ ಮೂರೂ ಆಟ ಒಂದೇ ಡೆಕ್ ಆಡುವವರು ಬಹಳ. ನನ್ನ ಅನುಭವದಲ್ಲಿ ಹಾಗೆ ಕೇಳಿದವರಿಗೆ ಇಲ್ಲ ಅಂದವರು ಸಿಕ್ಕಿಲ್ಲ.

ಡ್ರ್ಯಾಗನ್ ವಿಷಯ. ಡ್ರಾಫ್ಟ್‌ನಲ್ಲಿ ಆರಿಸಿದ್ದು ನಿಮ್ಮದೇ, ಏನು ಬೇಕಾದರೂ ಮಾಡಬಹುದು. ಸೆಟ್ ಹೊಸದಿದ್ದಾಗ ಬೆಲೆ ಸಾಮಾನ್ಯವಾಗಿ ಹೆಚ್ಚಿರುತ್ತದೆ, ಪ್ಯಾಕ್‌ಗಳು ಒಡೆಯುತ್ತಾ ಹೋದಂತೆ ಇಳಿಯುತ್ತದೆ. ಮಾರುವುದಿದ್ದರೆ ತಡ ಮಾಡಬೇಡಿ, ಮುಂದಿನ ಒಂದೆರಡು ಡ್ರಾಫ್ಟ್‌ನ ಖರ್ಚಿಗಾದರೆ ಆಗಲಿ. ಬೆಲೆ ಅಷ್ಟೇನೂ ಇಲ್ಲದಿದ್ದರೆ ಕ್ಯೂಬ್‌ಗೆ ಹಾಕಿ. ಯಾವತ್ತಾದರೂ ನಿಮ್ಮ ಬಲಗಡೆಯವರು ಆರನೇ ಪಿಕ್‌ನಲ್ಲಿ ಕೆಂಪು ದಾಟಿಸಿದ ದಿನ ಅದನ್ನು ನೀವೇ ಮತ್ತೆ ಆರಿಸಿಕೊಳ್ಳಬಹುದು.